ಅಂಗೈ ಕಲ್ಲು

"ಏ ಮುಂಡೆ, ಹೆಣ ಕಾಯೋಳ ಹಾಗೆ ನಿಂತಿದೀಯಲ್ಲ! ಗಾಡಿ ಇಳಿಸ್ತೀಯೋ, ಬೆನ್ನಿಗೆ ಎರಡು ಬಿಡ್ಲೋ?"

ಮೇಸ್ತ್ರಿಯ ಚಾಟಿ ಹಳೆಯದೇ. ಚಕ್ರವರ್ತಿಯ ಕಾಲದಲ್ಲಿ ಅದರ ಹಿಡಿಗೆ ಕೆಂಪು ಬಟ್ಟೆ ಸುತ್ತಿರುತ್ತಿತ್ತು. ಚಕ್ರವರ್ತಿ ಬಿದ್ದು ದೇವರ ರಾಜ್ಯ ಬಂದ ಮೇಲೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಾನೆ. ಹೊಡೆಯುವ ಮುಂಚೆ ಈಗ ಒಮ್ಮೆ ದೇವರನ್ನು ನೆನೆಯುತ್ತಾನೆ. ಆದ ಸುಧಾರಣೆ ಅಷ್ಟೇ.

ಸುಣ್ಣದ ಗೂಡಿಗೆ ಬರುತ್ತಿದ್ದುದೆಲ್ಲ ಸತ್ತ ಸಾಮ್ರಾಜ್ಯದ ಅಮೃತಶಿಲೆ. ಚಕ್ರವರ್ತಿಯ ಮೂಗು, ರಾಣಿಯರ ಮೊಣಕೈ, ಕುದುರೆಯ ಗೊರಸು. ಸಣ್ಣಗೆ ಒಡೆದು ಸುಟ್ಟರೆ ಒಳ್ಳೆಯ ಸುಣ್ಣ. ಗುಡ್ಡದ ಮೇಲೆ ಏಳುತ್ತಿದ್ದ ದೇವರ ಮನೆಯ ಗೋಡೆಗೆಲ್ಲ ಅದರದೇ ಗಾರೆ. "ಇಷ್ಟು ದಿನ ನಮ್ಮನ್ನ ಸುಟ್ಟೆಯಲ್ಲೋ, ಬಾ ಈಗ" ಎಂದು ಹೆಂಗಸರು ಆ ಮೂಗುಗಳನ್ನು ಹಿಂಡಿ ಗೂಡಿಗೆ ಎಸೆಯುತ್ತಿದ್ದರು. ಅದೊಂದು ಸುಖವಾಗಿತ್ತು.

ಇವತ್ತು ಗಾಡಿಯ ತಳದಲ್ಲಿ ಅಂಗೈ ಕಲ್ಲು ಮಲಗಿತ್ತು. ಗೂಡಿನ ಹಿರಿಯಳಾದ ಸುಣ್ಣದಕ್ಕ ಗಾಡಿ ಇಳಿಸದೆ ನಿಂತಿದ್ದು ಅದನ್ನು ಕಂಡೇ.

ಚಕ್ರವರ್ತಿಯ ವಿರುದ್ಧ ಎದ್ದ ದಂಗೆಯಲ್ಲಿ ಸತ್ತ ಗೂಡಿನ ಕೇರಿಯವರ ಕಲ್ಲು ಅದು. ಕೇರಿಯಲ್ಲಿ ಯಾರಿಗೂ ಅಕ್ಷರ ಬಾರದು. ಹಾಗಾಗಿ ಹೆಣ ಮಣ್ಣಿಗೆ ಹೋಗುವ ಮೊದಲು ಅದರ ಕೈಯನ್ನು ಕಲ್ಲಿನ ಮೇಲಿಟ್ಟು, ಸುತ್ತ ಇದ್ದಿಲಿನಲ್ಲಿ ಗೆರೆ ಎಳೆದು, ಆ ಗೆರೆಗುಂಟ ಉಳಿ ಹೊಡೆದಿದ್ದರು. ಎಲ್ಲ ಅಂಗೈಗೂ ಐದು ಬೆರಳು. ಸುಣ್ಣದಕ್ಕನ ಮಗನದಕ್ಕೆ ಎರಡೇ. ದಂಗೆ ಎಬ್ಬಿಸಿದ ಗುರು ಎಲ್ಲಿದ್ದಾನೆ ಹೇಳು ಎಂದು ಚಕ್ರವರ್ತಿಯ ಸಿಪಾಯಿಗಳು ಒಂದೊಂದಾಗಿ ಕತ್ತರಿಸಿದ್ದರು. ಗುರು ಆಗ ಅವಳದೇ ಆರಿದ ಗೂಡಿನ ಬೂದಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ. ಮಗ ಬಾಯಿ ಬಿಡದೆ ಸತ್ತ.

ಪಟ್ಟಕ್ಕೆ ಬಂದ ದಿನ ಗುರುವೇ ಈ ಕಲ್ಲನ್ನು ಊರಬಾಗಿಲಲ್ಲಿ ನಿಲ್ಲಿಸಿದ್ದ. ಆ ಎರಡು ಬೆರಳಿಗೆ ಹಣೆ ಹಚ್ಚಿ ಅತ್ತಿದ್ದ. "ಅಕ್ಕ, ಈ ರಾಜ್ಯದ ಅಡಿಪಾಯ ನಿನ್ನ ಮಗ" ಎಂದಿದ್ದ. ಮಗನದು ಅಂತ ಅವಳಿಗೆ ಲೋಕದಲ್ಲಿ ಉಳಿದಿದ್ದು ಆ ಕಲ್ಲೊಂದೇ.

"ಇದು ತಪ್ಪಿ ಬಂದಿದೆ ಮೇಸ್ತ್ರಿ."

"ತಪ್ಪೂ ಇಲ್ಲ, ಒಪ್ಪೂ ಇಲ್ಲ. ಒಡಿ, ಗೂಡಿಗೆ ಹಾಕು. ಸಂಜೆಗೆ ಬೆಂಕಿ."

"ಗುರುಗಳಿಗೆ ಗೊತ್ತಾದ್ರೆ ನಿನ್ನ ಚರ್ಮ ಸುಲೀತಾರೆ, ಬೋಳಿಮಗನೆ!"

ಮೇಸ್ತ್ರಿ ಹೊಡೆಯಲಿಲ್ಲ, ನಕ್ಕ. "ಹೋಗು, ಕೇಳ್ಕೊಂಡೇ ಬಾ."

ನಾದಿನಿಯನ್ನು ಕರೆದುಕೊಂಡು ಸುಣ್ಣದಕ್ಕ ಗುಡ್ಡ ಹತ್ತಿದಳು. ನಾದಿನಿಯ ಗಂಡನ ಅಂಗೈಯೂ ಅದೇ ಕಲ್ಲಿನಲ್ಲಿತ್ತು. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇದೂ ಹಾಗೇ ಕಣೆ. ಅವನಿಗೆ ಒಂದು ಮಾತು ಮುಟ್ಟಿಸಿದ್ರೆ ಸಾಕು" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು.

ದೇವರ ಮನೆಯ ಬಾಗಿಲಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. "ಅಲ್ಲೇ, ಅಲ್ಲೇ! ನಿಮ್ಮ ಕಾಲಿನ ಸುಣ್ಣ ನೆಲಕ್ಕೆ ಹತ್ತುತ್ತೆ."

"ಗೋಡೆಗೆ ಹತ್ತಬಹುದಂತೆ, ನೆಲಕ್ಕೆ ಹತ್ತಬಾರದಂತೆ" ಎಂದು ನಾದಿನಿ ಗೊಣಗಿದಳು.

ಬಿಸಿಲು ನೆತ್ತಿಗೇರಿದ ಮೇಲೆ ಗುರು ಮೆಟ್ಟಿಲಿಗೆ ಬಂದ. ಮೈ ತುಂಬಿಕೊಂಡಿತ್ತು. ಬೂದಿಯಲ್ಲಿ ಕೂತಾಗ ಅವನ ಪಕ್ಕೆಲುಬು ಎಣಿಸಬಹುದಿತ್ತು. ಆಗ ತನ್ನ ತಟ್ಟೆಯದನ್ನು ಅವನ ತಟ್ಟೆಗೆ ಬಡಿಸಿದವಳು ಸುಣ್ಣದಕ್ಕನೇ. ಕಂಡೊಡನೆ ಹಳೆಯ ಸಲಿಗೆ ಬಾಯಿಗೆ ಬಂತು.

"ತಮ್ಮಾ..."

"ದೇವಪ್ರಭುಗಳೇ ಅನ್ನು!" ಎಂದು ಕಾವಲುಗಾರ ಕೋಲು ಕುಟ್ಟಿದ. ಗುರು ಅವನನ್ನು ತಡೆಯಲಿಲ್ಲ.

"ಅಂಗೈ ಕಲ್ಲು ಗೂಡಿಗೆ ಬಂದಿದೆ ಪ್ರಭುಗಳೇ. ಯಾರೋ ಗೊತ್ತಿಲ್ದೆ..."

"ನಾನೇ ಕಳಿಸಿದ್ದು ತಾಯಿ. ಜನ ಅದಕ್ಕೆ ದೀಪ ಹಚ್ಚೋಕೆ ಶುರು ಮಾಡಿದ್ರು. ದೇವರ ರಾಜ್ಯದಲ್ಲಿ ದೀಪ ದೇವರೊಬ್ಬನಿಗೇ. ನಿನ್ನ ಮಗ ಸುಣ್ಣ ಆಗಿ ದೇವರ ಗೋಡೆ ಸೇರ್ತಾನೆ. ಇದಕ್ಕಿಂತ ಭಾಗ್ಯ ಇದೆಯಾ?"

ತಾಯಿ ಎಂದ. ಅಕ್ಕ ಎನ್ನಲಿಲ್ಲ. ಸುಣ್ಣದಕ್ಕ ಅವನ ಮುಖವನ್ನೇ ನೋಡುತ್ತ ಕೇಳಿದಳು:

"ಅವನ ಹೆಸರೇನು, ಹೇಳಿ."

ಗುರು ಪಕ್ಕದ ಸೇವಕನ ಕಡೆ ನೋಡಿದ. ಸೇವಕನಿಗೆ ಹೇಗೆ ಗೊತ್ತಿರಬೇಕು? "ಎಲ್ಲ ಹೆಸರೂ ದೇವರದೇ" ಎಂದು ಕೈ ಎತ್ತಿ ಹರಸಿ, ಗುರು ಒಳಗೆ ನಡೆದ.

ಮಗ ಸತ್ತಾಗ ಅವಳು ಎದೆ ಬಡಿದುಕೊಂಡು ಅತ್ತಿದ್ದಳು. ಈಗ ಅಳುವೂ ಬರಲಿಲ್ಲ. ಸಿಪಾಯಿಗಳು ಬೆರಳು ಮಾತ್ರ ಕತ್ತರಿಸಿದ್ದರು, ಇವನು ಹುಡುಗನನ್ನೇ ಅಳಿಸಿಬಿಟ್ಟ ಎನಿಸಿತು.

"ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ" ಎಂದು ನಾದಿನಿ ಮೆಟ್ಟಿಲ ಮೇಲೆ ಕ್ಯಾಕರಿಸಿ ಉಗಿದಳು. "ಥೂ, ಅವನ ಬಾಯಿಗೆ ಮಣ್ಣು ಬೀಳ!"

ಗೂಡಿಗೆ ಬಂದ ಸುಣ್ಣದಕ್ಕ ನೇರ ಹೋಗಿ ಸುತ್ತಿಗೆ ಎತ್ತಿಕೊಂಡಳು. "ಈಗ ಬುದ್ಧಿ ಬಂತು" ಎಂದ ಮೇಸ್ತ್ರಿ. ಅವಳು ಅಂಗೈ ಅಂಗೈಗಳ ನಡುವಿನ ಖಾಲಿ ಜಾಗಕ್ಕೆ ಉಳಿ ಇಟ್ಟು ಹೊಡೆಯತೊಡಗಿದಳು. ಒಂದು ಬೆರಳೂ ಮುಕ್ಕಾಗದ ಹಾಗೆ ಒಂದೊಂದು ಕೈಯೂ ಬೇರೆಯಾಗಿ ಬಂತು. ಮೊದಲನೆಯದನ್ನು ನಾದಿನಿಯ ಮಡಿಲಿಗೆ ಹಾಕಿದಳು. ಅದನ್ನು ಕಂಡ ಉಳಿದ ಹೆಂಗಸರು ಬುಟ್ಟಿ ಇಳಿಸಿ ಬಂದು ಸೆರಗೊಡ್ಡಿ ನಿಂತರು. ಅವಳು ಇದು ನಿನ್ನ ಅಪ್ಪ, ಇದು ನಿನ್ನ ಮೈದುನ ಎಂದು ಹೆಸರು ಹಿಡಿದು ಕೂಗಿ ಹಂಚಿದಳು. ಕೊನೆಯದನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು.

"ಗೂಡಿಗೆ ಹಾಕಿ ಅಂದ್ರೆ ಮಡಿಲಿಗೆ ಹಾಕ್ಕೊಳ್ತೀರೇನ್ರೇ ರಂಡೆಯರಾ?"

"ಹೆತ್ತೋರು ನಾವು, ಮಡಿಲೂ ನಮ್ದೇ. ನೀನ್ಯಾವನೋ ಕೇಳೋಕೆ?" ಎಂದಳು ಸುಣ್ಣದಕ್ಕ.

ಮೇಸ್ತ್ರಿ ದೇವರನ್ನು ನೆನೆದು ಬೀಸಿದ. ಏಟು ಸುಣ್ಣದಕ್ಕನ ಬೆನ್ನಿನ ಮೇಲೆ ಬಾಸುಂಡೆ ಎಬ್ಬಿಸಿತು. ಇನ್ನೊಂದಕ್ಕೆ ಕೈ ಎತ್ತಿದವನು ಸುತ್ತ ನೋಡಿದ. ಹೆಂಗಸರೆಲ್ಲ ಕಲ್ಲುಗಳನ್ನು ಮಡಿಲಿನಿಂದ ಕೈಗೆ ತೆಗೆದುಕೊಂಡಿದ್ದರು. ಎತ್ತಿದ ಕೈ ತಾನಾಗಿ ಇಳಿಯಿತು.

ಬೆಂಕಿ ಕಾಣದ ಗೂಡನ್ನು ಹಿಂದೆ ಬಿಟ್ಟು ಅವರು ಗುಡ್ಡದ ದಾರಿ ಹಿಡಿದರು. ಮೇಲೆ ದೇವರ ಮನೆಯ ದೊಡ್ಡ ಬಾಗಿಲು ಮುಚ್ಚಿಕೊಳ್ಳುತ್ತಿರುವುದು ಕಾಣಿಸಿತು. ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿತು. ಸುಣ್ಣದಕ್ಕ ನಿಲ್ಲಲಿಲ್ಲ, ನಡೆಯುತ್ತಲೇ ಸೆರಗಿನ ಗಂಟು ಬಿಚ್ಚಿ, ಮಗನ ಕೈಯನ್ನು ತನ್ನ ಬಲಗೈಗೆ ತೆಗೆದುಕೊಂಡಳು.