ಕಟ್ಟಿಹಾಕುವುದು ಎಂದರೆ

ಮಕ್ಕಳ ರಕ್ಷಣೆಯ ಕಚೇರಿಯಿಂದ ಫೋನ್ ಬಂದಾಗ ದುಭಾಷಿ ಇನ್ನೂ ಬಸ್ಸಿನಲ್ಲಿದ್ದಳು. ಬೆಟ್ಟದಾಚೆಯ ಅಜ್ಜಿಯೊಬ್ಬರು ಬಂದು ಕೂತಿದ್ದಾರೆ, ಅವರ ಮಾತು ಯಾರಿಗೂ ತಿಳಿಯುತ್ತಿಲ್ಲ, ಬೇಗ ಬನ್ನಿ ಎಂದರು.

ಬೆಟ್ಟದಾಚೆಯ ಮಾತನ್ನು ಇಲ್ಲಿನ ಮಾತಿಗೆ ತಿರುಗಿಸಿ ಹೇಳುವವರು ಈ ನಗರದಲ್ಲಿ ಇದ್ದದ್ದೇ ಇಬ್ಬರು. ಒಬ್ಬರು ನಿವೃತ್ತರಾದ ಮೇಷ್ಟ್ರು. ಅವರಿಗೆ ಕಿವಿ ಸ್ವಲ್ಪ ಮಂದ. ಇನ್ನೊಬ್ಬಳು ಇವಳು. ಹನ್ನೊಂದು ವರ್ಷದವಳಿದ್ದಾಗ ತಾಯಿಯ ಕೈ ಹಿಡಿದು ಬಂದವಳಿಗೆ ಈಗ ನಲವತ್ತೊಂಬತ್ತು. ತಾಯಿ ಬದುಕಿದ್ದಷ್ಟು ದಿನವೂ ಮನೆಯೊಳಗೆ ಊರಮಾತೇ ನಡೆಯುತ್ತಿತ್ತು. ಹಾಗಾಗಿ ಅವಳ ನಾಲಿಗೆಗೆ ತುಕ್ಕು ಹಿಡಿದಿರಲಿಲ್ಲ. ಆಸ್ಪತ್ರೆಯ ನರ್ಸುಗಳು ಅವಳನ್ನು 'ಡಿಕ್ಷನರಿ ಮೇಡಂ' ಎಂದು ಕರೆಯುತ್ತಿದ್ದರು. ಅವಳು ಸುಮ್ಮನೆ ಗದರಿದಂತೆ ಮಾಡುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ಕಚೇರಿಯ ಎರಡನೇ ಮಹಡಿಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಮೂಲೆಯಲ್ಲಿ ಮಕ್ಕಳಿಗೆಂದು ಇಟ್ಟ ಬಣ್ಣದ ಮರದ ತುಂಡುಗಳು. ಅಜ್ಜಿ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವರ ಹಾಗೆ ಕೂತಿದ್ದರು. ಅರವತ್ತೆಂಟರ ಆಸುಪಾಸು. ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಕಲೆ. ಮಗಳು ತೀರಿಕೊಂಡ ಮೇಲೆ, ಈಗ ಐದು ವರ್ಷವಾಗಿರುವ ಮೊಮ್ಮಗಳನ್ನು ಸಾಕಲು ಎರಡು ವರ್ಷದ ಹಿಂದೆ ಇಲ್ಲಿಗೆ ಬಂದವರು. ಅಳಿಯ ಸರಕು ಹಡಗಿನಲ್ಲಿ ಅಡುಗೆಯವನು, ಆರು ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಅಜ್ಜಿ ಬಟ್ಟೆ ಕಾರ್ಖಾನೆಯಿಂದ ಗಂಟುಗಟ್ಟಲೆ ಪೈಜಾಮ ತರಿಸಿಕೊಂಡು ಮನೆಯಲ್ಲೇ ಅವಕ್ಕೆ ಲಾಡಿ ಪೋಣಿಸಿ, ಗುಂಡಿ ಹಚ್ಚಿ ಕಳಿಸುತ್ತಾರೆ.

ಶಾಲೆಯ ಟೀಚರ್ ಮಗುವಿನ ಸೊಂಟದ ಸುತ್ತ ಕೆಂಪು ಗೆರೆ ಕಂಡು ಕಚೇರಿಗೆ ತಿಳಿಸಿದ್ದಳು. ಇದಿಷ್ಟನ್ನು ದುಭಾಷಿಗೆ ಹೇಳಿ ಅಧಿಕಾರಿ ಕಡತ ಬಿಚ್ಚಿದರು. ಸಣ್ಣ ವಯಸ್ಸಿನ ಹೆಂಗಸು, ಕೆಟ್ಟವರೇನಲ್ಲ. ಅಜ್ಜಿಗೆ ಮೊದಲು ನೀರು ತರಿಸಿ ಕೊಟ್ಟರು.

"ನೀವು ಹೊಲಿಗೆ ಕೆಲಸ ಮಾಡುವಾಗ ಮಗು ಏನು ಮಾಡುತ್ತೆ?"

ದುಭಾಷಿ ಅದನ್ನು ಊರಮಾತಿನಲ್ಲಿ ಕೇಳಿದಳು. ಅಜ್ಜಿ ಅವಳತ್ತ ತಿರುಗಿ, "ಏನು ಮಾಡ್ತಾಳೆ ಅಂದ್ರೆ? ನಾನು ಕಟ್ಟಿಹಾಕ್ತೀನಲ್ಲ. ಕಟ್ಟಿಹಾಕ್ಕೊಂಡೇ ಕೆಲಸ ಮಾಡೋದು," ಎಂದರು.

ಕಟ್ಟಿಹಾಕುವುದು ಎಂದರೆ ದುಭಾಷಿಯ ಕಣ್ಣ ಮುಂದೆ ಬಂದದ್ದು ಹಿತ್ತಿಲು, ಗೂಟ, ಮೇಕೆ. ಅಮ್ಮ ಆ ಮಾತನ್ನು ಬೇರೆ ಯಾವುದಕ್ಕೂ ಬಳಸಿದ್ದನ್ನು ಅವಳು ಕೇಳಿರಲಿಲ್ಲ.

ಇಂಥ ಹೊತ್ತಿನಲ್ಲಿ 'ಅಂದರೆ ಹೇಗೆ?' ಎಂದು ಕೇಳಲು ದುಭಾಷಿಗೆ ಅವಕಾಶವಿದೆ, ನಿಯಮದಲ್ಲೇ ಬರೆದಿದೆ. ಅವಳು ಕೇಳಲಿಲ್ಲ. ಅಧಿಕಾರಿ ಅವಳ ಮುಖವನ್ನೇ ನೋಡುತ್ತಿದ್ದರು. ಕೇಳಿದರೆ, ಗೊತ್ತಿಲ್ಲದವಳ ಹಾಗೆ ಕಂಡುಬಿಡುತ್ತೇನೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಕಡೆಯವರೆಂದು ಮುದುಕಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸಿಕೊಡುತ್ತಿದ್ದಾಳೆ ಎಂದುಕೊಂಡಾರು ಅನ್ನಿಸಿತು. ನಮ್ಮ ಜನ ಇಷ್ಟು ವರ್ಷವಾದರೂ ಸುಧಾರಿಸಲಿಲ್ಲವಲ್ಲ ಎಂಬ ಸಿಟ್ಟೂ ಒಂದಿಷ್ಟಿತ್ತು. ಇಲ್ಲಿನ ಮಾತಿನಲ್ಲಿ 'ಕಟ್ಟಿಹಾಕು' ಎನ್ನಲು ಹಗ್ಗದ ಹೆಸರು ಸೇರಿಸದೆ ದಾರಿಯಿಲ್ಲ.

"ಮಗುವನ್ನ ಹಗ್ಗದಲ್ಲಿ ಕಟ್ಟಿಹಾಕಿ ಕೆಲಸ ಮಾಡ್ತಾರಂತೆ," ಎಂದಳು.

ಅಧಿಕಾರಿ ಬರೆದುಕೊಂಡರು. "ಎಷ್ಟು ಹೊತ್ತು?"

"ಸ್ಕೂಲಿಂದ ಬಂದಾಗಿಂದ ಕತ್ತಲಾಗೋವರೆಗೂ," ಎಂದರು ಅಜ್ಜಿ. "ಅವರಪ್ಪ ಬಂದಾಗಷ್ಟೇ ನಂಗೆ ಬಿಡುವು."

"ಮಗು ಅಳಲ್ವಾ?"

"ಮೊದಮೊದಲು ಅಳ್ತಿದ್ಲು. ಈಗ ರೂಢಿಯಾಗಿದೆ." ಹೇಳಿ ಅಜ್ಜಿ ತಲೆ ತಗ್ಗಿಸಿ ನಕ್ಕರು.

ಅಧಿಕಾರಿ ಅದನ್ನೂ ಬರೆದುಕೊಂಡರು. ಹೇಳುವಾಗ ನಕ್ಕರು, ಕಣ್ಣಿಗೆ ಕಣ್ಣು ಕೊಡಲಿಲ್ಲ ಎಂದು. ದುಭಾಷಿಗೆ ಆ ನಗು ಗೊತ್ತಿತ್ತು. ಬೆಟ್ಟದಾಚೆಯವರು ದೊಡ್ಡ ಹುದ್ದೆಯವರ ಮುಂದೆ ಹೆದರಿದಾಗ ಹಾಗೇ ನಗುತ್ತಾರೆ, ನೆಲ ನೋಡುತ್ತಾರೆ. ನೆಟ್ಟಗೆ ನೋಡಿದರೆ ಮರ್ಯಾದೆ ಕೆಟ್ಟವರು ಎಂದು ಲೆಕ್ಕ. ಅವಳ ಅಮ್ಮನೂ ಪೊಲೀಸರನ್ನು ಕಂಡರೆ ಹಲ್ಲು ಕಿರಿಯುತ್ತಿದ್ದಳು. ಆದರೆ ನಗುವಿನ ಅರ್ಥ ಹೇಳು ಎಂದು ಯಾರೂ ಕೇಳಲಿಲ್ಲ. ಇವಳೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಇಬ್ಬರು ಸಿಬ್ಬಂದಿ ಅಜ್ಜಿಯ ಮನೆಗೆ ಹೋಗಿ ನೋಡಿದರು. ಕಿಟಕಿಯ ಸರಳಿಗೆ ಹತ್ತಿಪ್ಪತ್ತು ಲಾಡಿಗಳು ಜೋತುಬಿದ್ದಿದ್ದವು. ಫೋಟೊ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಮಗುವನ್ನು ಶಾಲೆಯಿಂದಲೇ ಬೇರೊಂದು ಕುಟುಂಬದ ಮನೆಗೆ ಕಳಿಸಿಯಾಗಿತ್ತು. ವಿಚಾರಣೆ ಮುಗಿಯುವವರೆಗೆ ಅಲ್ಲೇ.

ಆ ಸುದ್ದಿಯನ್ನು ಅಜ್ಜಿಗೆ ತಿಳಿಸಿದವಳೂ ದುಭಾಷಿಯೇ. ಅಜ್ಜಿ ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಅವಳ ಬಾಯಿಯನ್ನೇ ನೋಡಿ, "ಏನಂದೆ ಮಗಳೇ ಅವರಿಗೆ?" ಎಂದು ಕೇಳಿದರು.

"ನೀವು ಹೇಳಿದ್ದನ್ನೇ ಹೇಳ್ದೆ, ಅಮ್ಮ."

"ನಾನೇನು ಹೇಳ್ದೆ ಅಂಥದ್ದು?"

ದುಭಾಷಿ ಚೀಲ ಎತ್ತಿಕೊಂಡಳು. ಆಮೇಲಿನ ದಿನಗಳಲ್ಲಿ ಆ ಪ್ರಶ್ನೆ ಒಂದೆರಡು ಸಲ ನೆನಪಾಯಿತು. ಮುದುಕಿಗೆ ತಾನು ಮಾಡಿದ್ದು ತಪ್ಪು ಎಂದು ಕೂಡ ತಿಳಿದಿಲ್ಲವಲ್ಲ ಎಂದುಕೊಂಡು ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು.

ಹತ್ತೊಂಬತ್ತನೆಯ ದಿನ ಅವಳಿಗೆ ಚುಚ್ಚುಮದ್ದಿನ ಕ್ಲಿನಿಕ್ಕಿನಲ್ಲಿ ಕೆಲಸವಿತ್ತು. ಹೊಸದಾಗಿ ಬಂದ ಬೆಟ್ಟದಾಚೆಯ ಬಾಣಂತಿ, ಜೋರು ಮಾತಿನವಳು, ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಡಾಕ್ಟರು ವಾಡಿಕೆಯ ಪ್ರಶ್ನೆಗಳನ್ನೆಲ್ಲ ಕೇಳಿ, ಕೆಲಸಕ್ಕೆ ವಾಪಸು ಹೋದ ಮೇಲೆ ಮಗುವಿನ ಗತಿಯೇನು ಎಂದರು.

"ಅದಕ್ಕೇನು, ನಮ್ಮತ್ತೆ ಕಟ್ಟಿಹಾಕ್ತಾರೆ," ಎಂದಳು ಬಾಣಂತಿ.

ಡಾಕ್ಟರು ತಲೆಯೆತ್ತಿ ನೋಡಿದರು.

"ಕಟ್ಟಿಹಾಕೋದು ಅಂದ್ರೆ?" ಎಂದು ದುಭಾಷಿ ಊರಮಾತಿನಲ್ಲಿ ಕೇಳಿದಳು.

"ಅಂದ್ರೆ ನೋಡ್ಕೊಳ್ಳೋದು, ಇನ್ನೇನು?" ಬಾಣಂತಿ ನಕ್ಕಳು. "ನೀವು ಯಾವ ಕಾಲದವರು ಅಕ್ಕಾ? ಸತ್ತ ನಮ್ಮಜ್ಜಿ ಎದ್ದು ಬಂದು ಮಾತಾಡಿದ ಹಾಗೆ ಮಾತಾಡ್ತೀರ."

"ಮೇಕೆ ಕಟ್ಟಿಹಾಕೋದು..."

"ಮೇಕೆ ಈಗ ಯಾರ ಮನೇಲಿದೆ? ನೂಲಿನ ಗಿರಣಿ ಬಂತಲ್ಲ, ಆಗ ಹೆಂಗಸರು ಮಕ್ಕಳನ್ನ ಬಟ್ಟೇಲಿ ಬೆನ್ನಿಗೆ ಕಟ್ಟಿಕೊಂಡು ಗಿರಣಿಗೆ ಹೋಗೋರಂತೆ. ನಮ್ಮಮ್ಮ ಹೇಳ್ತಾಳೆ. ಈಗ ಯಾರೂ ಕಟ್ಟಿಕೊಳ್ಳಲ್ಲ. ಆದ್ರೂ ಹಾಗೇ ಅಂತೀವಿ."

ಗಿರಣಿ ಬಂದದ್ದು ದುಭಾಷಿ ಊರು ಬಿಟ್ಟ ಮೇಲೆ. ಅವಳು ಅದನ್ನು ಕಂಡೇ ಇರಲಿಲ್ಲ. "ಇವರ ಅತ್ತೆ ನೋಡ್ಕೋತಾರಂತೆ," ಎಂದು ಡಾಕ್ಟರಿಗೆ ಹೇಳಿದಳು. ಕೆಲಸ ಮುಗಿದ ಮೇಲೆ ಕ್ಲಿನಿಕ್ಕಿನ ಹಿಂದಿನ ಮೆಟ್ಟಿಲ ಮೇಲೆ ಕೂತಳು. ಅಜ್ಜಿಯನ್ನು ವಿಚಾರಿಸಿದ ದಿನ ನಡೆದದ್ದನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿಕೊಂಡಳು. ಮೊದಮೊದಲು ಅಳುತ್ತಿದ್ದಳು, ಈಗ ರೂಢಿಯಾಗಿದೆ. ತಾಯಿ ಸತ್ತ ಮಗು ಹೊಸ ಮಡಿಲಿಗೆ ಹೊಂದಿಕೊಂಡ ಕತೆಯನ್ನು ಅಜ್ಜಿ ಹೇಳಿದ್ದರು.

ಸಂಜೆ ಗಂಡನಿಗೆ ಹೇಳಿದಳು. ಅವನು ಬಸ್ ಡಿಪೊದಲ್ಲಿ ಮೆಕ್ಯಾನಿಕ್ಕು, ಇಲ್ಲಿಯವನೇ. ಕೈಗೆ ಹತ್ತಿದ ಗ್ರೀಸು ಉಜ್ಜುತ್ತ ಕೇಳಿಸಿಕೊಂಡ.

"ಹೇಗೂ ವಿಚಾರಣೆ ಮಾಡ್ತಾರಲ್ಲ, ಅವರೇ ಕಂಡುಹಿಡೀತಾರೆ ಬಿಡು. ನೀನ್ಯಾಕೆ ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯ?"

"ಯಾರು ಕಂಡುಹಿಡೀತಾರೆ? ಅವರಿಗೆ ಆ ಮಾತು ಬರುತ್ತಾ?"

"ನಿಂಗೆ ಬರುತ್ತಾ?" ಎಂದ ಅವನು. ಹಂಗಿಸಬೇಕೆಂದು ಅಂದದ್ದಲ್ಲ, ಬಾಯಿಗೆ ಬಂದಿತ್ತು. ಅಂದ ಮೇಲೆ ಅವನೇ ತಲೆ ಕೆರೆದುಕೊಂಡ.

ಮಾರನೆಯ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು. ಅಧಿಕಾರಿ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಗ್ಗ ಅಂತ ಅವರು ಹೇಳಲೇ ಇಲ್ವಾ?"

"ಇಲ್ಲ. ಅದು ನಾನು ಸೇರಿಸಿದ್ದು. ಇಲ್ಲಿನ ಮಾತಲ್ಲಿ ಹಾಗೆ ಹೇಳದೆ ಆಗಲ್ಲ."

"ಒಂದು ಮಾತು ಕೇಳಿ ಖಚಿತ ಮಾಡ್ಕೋಬಹುದಿತ್ತು."

"ಕೇಳಬಹುದಿತ್ತು." ಎಂದಳು ದುಭಾಷಿ. "ಇನ್ನೊಂದಿದೆ. ಅವರು ನಕ್ಕಿದ್ದು ಹೆದರಿಕೆಯಿಂದ. ನಮ್ಮ ಕಡೆ ಹಾಗೇ."

"ಅದು ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ನೀವು ಕೇಳಲಿಲ್ಲ," ಎಂದಳು. ಆ ಮಾತು ತನಗೇ ಕಹಿಯಾಗಿ, "ನಾನೂ ಹೇಳೋ ಮನಸ್ಸು ಮಾಡಲಿಲ್ಲ," ಎಂದು ಸೇರಿಸಿದಳು.

ಅಧಿಕಾರಿ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. ಬರವಣಿಗೆಯಲ್ಲಿ ಕೊಡಿ ಎಂದರು. ಕಡತಕ್ಕೆ ಒಮ್ಮೆ ಸೇರಿದ್ದನ್ನು ತೆಗೆಯಲು ಬರುವುದಿಲ್ಲ, ಅದರ ಮೇಲೆ ಇನ್ನೊಂದು ಕಾಗದ ಇಡಬಹುದು ಅಷ್ಟೇ. ಮೇಷ್ಟ್ರನ್ನು ಕರೆಸಿ ಅಜ್ಜಿಯ ಹೇಳಿಕೆಯನ್ನು ಮತ್ತೆ ಪಡೆಯಬೇಕು, ಡಾಕ್ಟರು ಆ ಕೆಂಪು ಗೆರೆಯ ಬಗ್ಗೆ ಮೊದಲು ಬರೆದದ್ದನ್ನು ಮತ್ತೆ ನೋಡಿ ವರದಿ ಕೊಡಬೇಕು, ಮೇಲಿನವರ ಸಹಿಯಾಗಬೇಕು. "ನಾಳೆ ನಾಡಿದ್ದರಲ್ಲಿ ಆಗೋ ಕೆಲಸ ಅಲ್ಲ. ನಿಮ್ಮ ಹೆಸರನ್ನ ದುಭಾಷಿಗಳ ಪಟ್ಟಿಯಿಂದ ತೆಗೀಬೇಕಾಗುತ್ತೆ," ಎಂದರು. ದುಭಾಷಿ ತಲೆಯಾಡಿಸಿದಳು.

ಅಲ್ಲಿಂದ ಅವಳು ನೇರ ಅಜ್ಜಿಯ ಮನೆಗೆ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬಿಸ್ಕತ್ತಿನ ಡಬ್ಬಿಗಳಲ್ಲಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಇಟ್ಟಿತ್ತು. ಗೋಡೆಯ ಮೊಳೆಗೆ ಸಣ್ಣ ಸ್ವೆಟರೊಂದು ತೂಗುತ್ತಿತ್ತು. ಅಜ್ಜಿ ಬಾಗಿಲು ತೆರೆದರು, ಬಾ ಎನ್ನಲಿಲ್ಲ. ಅವಳೇ ಒಳಗೆ ಬಂದು, ನಿಂತುಕೊಂಡೇ ನಡೆದದ್ದನ್ನು ಹೇಳಿದಳು.

ಅಜ್ಜಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಮೇಕೆ ಥರ ಅಂದುಕೊಂಡ್ಯಾ? ನಾನು ನನ್ನ ಮೊಮ್ಮಗಳನ್ನ ಮೇಕೆ ಥರ..."

"ನಾನು ಬಿಟ್ಟು ಬಂದಾಗ ಆ ಮಾತಿಗೆ ಅಷ್ಟೇ ಅರ್ಥ ಇತ್ತು, ಅಮ್ಮ."

"ಸೊಂಟದ ಗೆರೆ ಲಂಗದ ಎಲಾಸ್ಟಿಕ್ಕಿನದು. ಜಾರುತ್ತೆ ಅಂತ ನಾನೇ ಬಿಗಿ ಮಾಡಿ ಹೊಲಿದಿದ್ದೆ." ಅಜ್ಜಿ ಕೈಯಲ್ಲಿದ್ದ ಪೈಜಾಮ ಕೆಳಗಿಟ್ಟರು. "ಇಷ್ಟು ದಿನ ನೀನು ಯಾವುದೋ ಹಗೆ ಇಟ್ಟುಕೊಂಡೇ ಹಾಗೆ ಹೇಳಿದ್ದೀಯ ಅಂದುಕೊಂಡಿದ್ದೆ. ನಮ್ಮ ಮನೆಯೋರು ನಿಮ್ಮ ಮನೆಯೋರಿಗೆ ಹಿಂದೆ ಏನು ಮಾಡಿದ್ರೋ ಅಂತ ಎಲ್ಲಾ ನೆನಪು ಮಾಡ್ಕೊಂಡೆ. ಒಂದೂ ಸಿಗಲಿಲ್ಲ. ನೀನು ಕೆಟ್ಟವಳಾಗಿದ್ರೆ ಚೆನ್ನಾಗಿತ್ತು. ಬೈದು ಸುಮ್ಮನಾಗ್ತಿದ್ದೆ."

"ಬೈಯಿರಿ."

"ಬೈದ್ರೆ ಅವಳು ಬರ್ತಾಳಾ?" ಎಂದು ಅಜ್ಜಿ ಮತ್ತೆ ಸೂಜಿ ಹಿಡಿದರು. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ದುಭಾಷಿ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ. ಮೂರನೆಯ ಸಲಕ್ಕೆ ತಾವೇ ಪೋಣಿಸಿಕೊಂಡರು.

ಮಗು ಮನೆಗೆ ಬಂದದ್ದು ಐವತ್ತೆರಡನೆಯ ದಿನ. ಮೇಷ್ಟ್ರು ಜ್ವರದಿಂದ ಮಲಗಿದ್ದರು. ಅಧಿಕಾರಿ ಕೇಳಿಕೊಂಡರು, ಅಜ್ಜಿಯೂ ಬೇಡ ಎನ್ನಲಿಲ್ಲ. ಹಾಗಾಗಿ ಆ ದಿನ ದುಭಾಷಿಯೇ ಬಂದಳು, ಪಟ್ಟಿಯಲ್ಲಿ ಹೆಸರಿಲ್ಲದೆ, ಸುಮ್ಮನೆ ಮನುಷ್ಯಳಾಗಿ.

ಮಗುವಿಗೆ ಯಾರೋ ಕೂದಲು ಗಿಡ್ಡ ಕತ್ತರಿಸಿದ್ದರು. ಹೊಸ ಬೂಟು. ಅಜ್ಜಿ ಮಂಡಿಯೂರಿ ಕೂತು ಎರಡೂ ಕೈ ಚಾಚಿ ಊರಮಾತಿನಲ್ಲಿ ಕರೆದರು. ಮಗು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇತ್ತು. ಆಮೇಲೆ ಇಲ್ಲಿನ ಮಾತಿನಲ್ಲಿ, ಸ್ಪಷ್ಟವಾಗಿ, ಒಂದು ವಾಕ್ಯ ಹೇಳಿತು. ಐವತ್ತು ದಿನದಲ್ಲಿ ಬೇರೆ ಮಾತೇ ಕಿವಿಗೆ ಬಿದ್ದಿರಲಿಲ್ಲ.

"ಏನಂತಾಳೆ?" ಅಜ್ಜಿ ತಿರುಗದೆಯೇ ಕೇಳಿದರು.

ದುಭಾಷಿ ಕೂಡಲೇ ಹೇಳಲಿಲ್ಲ. ಮಗುವಿನ ಪಕ್ಕ ಕೂತು, "ಅಜ್ಜಿ ಕೊಟ್ಟುಬಿಟ್ರು ಅಂದ್ಯಲ್ಲ ಪುಟ್ಟಿ, ಹಾಗಂದ್ರೆ ಏನು? ಯಾರಿಗೆ ಕೊಟ್ರು?" ಎಂದು ಕೇಳಿದಳು.

"ಆ ಮನೆಯೋರಿಗೆ. ನಾನು ಬೇಡ ಅಂತ."

"ಹಾಗಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಂಗೇ ಗೊತ್ತು."

ದುಭಾಷಿ ಅದನ್ನು ಒಂದಕ್ಷರ ಬಿಡದೆ, ಸೇರಿಸದೆ, ಅಜ್ಜಿಗೆ ಹೇಳಿದಳು. ಅಜ್ಜಿಯ ಮುಖ ನೋಡಲಾಗಲಿಲ್ಲ. ಮತ್ತೆ ಮಗುವಿನ ಕಡೆ ತಿರುಗಿ, ಅಜ್ಜಿ ಕೊಡಲಿಲ್ಲ, ಅಜ್ಜಿ ದಿನಾ ಕೇಳ್ತಿದ್ರು, ಅಜ್ಜಿ ಅಂದದ್ದನ್ನ ನಾನು ತಪ್ಪಾಗಿ ತಿಳ್ಕೊಂಡು ಆಫೀಸಿನೋರಿಗೆ ತಪ್ಪಾಗಿ ಹೇಳಿಬಿಟ್ಟೆ, ಅದಕ್ಕೇ ನೀನು ಹೋಗಬೇಕಾಯ್ತು ಎಂದಳು. ಐದು ವರ್ಷದ ಮಗು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ನೀವು ದೊಡ್ಡೋರಲ್ವಾ?" ಎಂದಿತು.

ಆ ಮಧ್ಯಾಹ್ನ ಅದು ಅಜ್ಜಿಯ ಕೈಯಿಂದ ಎರಡು ತುತ್ತು ತಿಂದಿತು, ಮಡಿಲಿಗೆ ಬರಲಿಲ್ಲ. ಕಿಟಕಿಯ ಬಳಿ ಬೆನ್ನು ತಿರುಗಿಸಿ ಕೂತು ಬೂಟಿನ ಲೇಸು ಬಿಚ್ಚುವುದು, ಕಟ್ಟುವುದು ಮಾಡುತ್ತಿತ್ತು.

ದುಭಾಷಿ ಈಗ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಎಣಿಸಿಕೊಳ್ಳುವ ಕೆಲಸಕ್ಕೆ ಹೋಗುತ್ತಾಳೆ. ವಾರಕ್ಕೆರಡು ಸಂಜೆ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ. ಅಜ್ಜಿಗೆ ಇಲ್ಲಿನ ಮಾತು ಕಲಿಸುತ್ತಾಳೆ, ಅಜ್ಜಿಯಿಂದ ತನಗೆ ಗೊತ್ತಿಲ್ಲದ ಊರಮಾತು ಕೇಳಿ ಬರೆದುಕೊಳ್ಳುತ್ತಾಳೆ. ಮಗು ಒಮ್ಮೊಮ್ಮೆ ಅಜ್ಜಿಯ ಉಚ್ಚಾರಣೆ ಕೇಳಿ ನಗುತ್ತದೆ, ತಿದ್ದುತ್ತದೆ. ನಿದ್ದೆ ಬಂದಾಗ ಮಾತ್ರ ಅದರ ಬಾಯಲ್ಲಿ ಹಳೆಯ ಮಾತಿನ ಒಂದೆರಡು ಪದ ಬರುತ್ತವೆ. ಆಗ ಅಜ್ಜಿ ಸೂಜಿ ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ.

ಅಜ್ಜಿ ದುಭಾಷಿಗೆ ಕುಡಿಯಲು ಕೊಡುತ್ತಾರೆ, ಕೂರು ಎನ್ನುತ್ತಾರೆ. ಮಗಳೇ ಎಂದು ಮಾತ್ರ ಆಮೇಲೆ ಕರೆದಿಲ್ಲ. ಅವಳೂ ಅದನ್ನು ನಿರೀಕ್ಷಿಸುವುದನ್ನು ಬಿಟ್ಟಿದ್ದಾಳೆ. ಹೊರಡುವಾಗ ಮಗು ಬಾಗಿಲವರೆಗೂ ಹಿಂದೆ ಬಂದು ಪ್ರತಿ ಸಲವೂ, "ಇವತ್ತು ಆಫೀಸಿಗೆ ಹೋಗ್ತೀರಾ?" ಎಂದು ಕೇಳುತ್ತದೆ. ಇಲ್ಲ, ಮನೆಗೆ ಹೋಗ್ತೀನಿ ಎಂದು ಅವಳು ಹೇಳುತ್ತಾಳೆ. ಅವಳು ಮೆಟ್ಟಿಲಿಳಿದು ರಸ್ತೆ ಸೇರುವವರೆಗೂ ಮಗು ಮೇಲಿಂದ ನೋಡುತ್ತಲೇ ಇರುತ್ತದೆ.