ಸ್ಟೆಫಾಳ ದನಿ

ಜನವರಿಯ ಹಿಮಗಾಳಿ ಎದ್ದರೆ ಮನಿಟೋಬಾದ ನಮ್ಮೂರಿನಲ್ಲಿ ಎದುರುಮನೆಯೂ ಕಾಣುವುದಿಲ್ಲ. ಅಂಥದೊಂದು ಮಧ್ಯಾಹ್ನ ಲೆಸ್ಯಾ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಲು ಹಾಕಿ ಮೇಲೆ ಬಂದರೆ ಹಿಂಬಾಗಿಲು ಹಾರುಹೊಡೆದಿತ್ತು. ಅವಳ ಅಪ್ಪನ ದಪ್ಪ ಕೋಟು ಗೂಟದಲ್ಲೇ ಇತ್ತು. ಅಪ್ಪ ಇರಲಿಲ್ಲ.

ಅಪ್ಪ ಓರೆಸ್ಟ್ ಅವರಿಗೆ ಮರೆವಿನ ಕಾಯಿಲೆ. ಹೆಂಡತಿ ಸ್ಟೆಫಾ ತೀರಿಕೊಂಡದ್ದು ಅವರ ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವಳೆಲ್ಲಿ ಎಂದು ಹುಡುಕಲು ಶುರುಮಾಡಿದಾಗೆಲ್ಲ ಲೆಸ್ಯಾ ಅಡುಗೆಮನೆಯ ಟೀವಿಯಲ್ಲಿ ಅಮ್ಮನ ವಿಡಿಯೊ ಹಾಕುತ್ತಿದ್ದಳು. ಆಲೂಗಡ್ಡೆಯ ಹೂರಣ ತುಂಬಿ ಪೆರೋಗಿ ಕಡುಬು ಮಡಚುವುದನ್ನು ಸ್ಟೆಫಾ ತೋರಿಸಿಕೊಡುವ ವಿಡಿಯೊ ಅದು. ಕಲಿಯಲೆಂದು ಲೆಸ್ಯಾಳೇ ಹಿಂದೆ ತೆಗೆದಿಟ್ಟದ್ದು. ಅದನ್ನು ನೋಡುತ್ತ ಓರೆಸ್ಟ್ ತಣ್ಣಗಾಗುತ್ತಿದ್ದರು. ಅಂದೂ ಸ್ಟೆಫಾ ಎಲ್ಲಿ ಎಂದು ಕೇಳಿದ್ದರು. ಆದರೆ ಆ ದನಿಯನ್ನು ಮತ್ತೊಮ್ಮೆ ಕೇಳುವ ತ್ರಾಣ ಲೆಸ್ಯಾಗಿರಲಿಲ್ಲ. ಆಮೇಲೆ ಹಾಕುತ್ತೇನೆಂದು ಹೇಳಿ ಕೆಳಗಿಳಿದಿದ್ದಳು.

ಹೆಜ್ಜೆಗುರುತುಗಳನ್ನು ಗಾಳಿ ಆಗಲೇ ಒರೆಸಿಹಾಕಿತ್ತು. ಅವಳು ಪೊಲೀಸರಿಗೆ ಫೋನು ಮಾಡಿದಳು, ಅಪ್ಪನ ಫೋಟೊ ಊರವರ ಗುಂಪಿಗೆ ಹಾಕಿದಳು. ಊರಿನ ರೇಡಿಯೊ ಹಾಡು ನಿಲ್ಲಿಸಿ ಅವರ ಚಹರೆ ಹೇಳಿತು. ಐಸ್ ಹಾಕಿ ಅಂಗಳದಲ್ಲಿ ಪಂದ್ಯ ನಡುವೆಯೇ ನಿಂತು, ದೊಡ್ಡ ಪರದೆಯ ಮೇಲೆ ಓರೆಸ್ಟ್ ಅವರ ಮುಖ ಬಂತು. ಆಟಗಾರರು ಸ್ಕೇಟು ಕಳಚಿ ಹುಡುಕಲು ಹೊರಟರು. ಕತ್ತಲಲ್ಲೂ ಮೈಬಿಸಿ ಗುರುತಿಸುವ ಡ್ರೋನನ್ನು ಪೊಲೀಸರು ತಂದರಾದರೂ ಗಾಳಿ ಅದನ್ನು ಹಾರಗೊಡಲಿಲ್ಲ. ಊರೆಲ್ಲ ಅವರ ಮುಖವನ್ನು ಅಂಗೈಯಲ್ಲಿ ಹಿಡಿದು ಓಡಾಡಿತು. ಅವರು ಮಾತ್ರ ಸಿಗಲಿಲ್ಲ. ಹೊತ್ತು ಮುಳುಗುತ್ತ ಬಂತು. ಕೋಟಿಲ್ಲದ ಮನುಷ್ಯ ಇಷ್ಟು ಹೊತ್ತು ಉಳಿಯುವುದು ಕಷ್ಟ ಎಂದು ಪೊಲೀಸಿನವಳು ಮೆಲ್ಲಗೆ ಹೇಳಿದಳು.

ಪಕ್ಕದ ಮನೆಯ ಗಾರ್ಥ್ ಮದುವೆ, ಪಂದ್ಯಗಳಿಗೆ ಧ್ವನಿವರ್ಧಕ ಹಾಕುವವನು. ಟ್ರಕ್ಕಿನ ಮೇಲೆ ಅದನ್ನು ಕಟ್ಟಿಕೊಂಡು ಓರೆಸ್ಟ್ ಹೆಸರು ಕೂಗುತ್ತ ಬಂದು ಅವರ ಮನೆ ಮುಂದೆ ನಿಂತ. ಅವನ ಗಂಟಲು ಬಿದ್ದುಹೋಗಿತ್ತು.

"ನಾನು ಕರೆದ್ರೆ ನಿಮ್ಮಪ್ಪ ಯಾವತ್ತು ಬಂದಿದಾನೆ ಹೇಳು? ಕಂಡ್ರೆ ಬೈತಿದ್ದ."

ಲೆಸ್ಯಾ ಅವನನ್ನೇ ನೋಡಿದಳು. "ನಾನು ಕರೆದ್ರೂ ಬರಲ್ಲ, ಗಾರ್ಥ್. ಅಪ್ಪ ಹೊರಟಿರೋದು ಅಮ್ಮನ್ನ ಹುಡುಕ್ಕೊಂಡು."

ಅವಳು ಫೋನಿನಲ್ಲಿ ಅಮ್ಮನ ವಿಡಿಯೊ ತೆರೆದುಕೊಟ್ಟಳು, ಗಾರ್ಥ್ ಅದನ್ನು ಧ್ವನಿವರ್ಧಕಕ್ಕೆ ಜೋಡಿಸಿದ. ವಿಡಿಯೊದ ಕೊನೆಯಲ್ಲಿ ಸ್ಟೆಫಾ ಹಿಟ್ಟಿನ ಕೈ ಒರೆಸಿಕೊಂಡು ಕಿಟಕಿಯಾಚೆ ಗಂಡನನ್ನು ಕೂಗುತ್ತಾಳೆ. ಅಷ್ಟನ್ನೇ ಮತ್ತೆ ಮತ್ತೆ ಬರುವಂತೆ ಮಾಡಿ, ಹೊಲಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ಟ್ರಕ್ಕು ಬಿಟ್ಟರು.

"ಓರೆಸ್ಟ್, ಒಳಗೆ ಬಾ ಮಾರಾಯಾ. ಎಲ್ಲಾ ಆರಿಹೋಗ್ತಿದೆ."

ಸತ್ತವಳ ದನಿ ಹಿಮದ ಬಯಲಿನ ಮೇಲೆ ಅಲೆಯಿತು. ಹುಡುಕುತ್ತಿದ್ದವರು ನಿಂತಲ್ಲೇ ನಿಂತರು. ಎಷ್ಟೋ ಮಂದಿ ಅವಳ ಕೈಯಡುಗೆ ಉಂಡವರು. ಲೆಸ್ಯಾ ಕಿವಿ ಮುಚ್ಚಿಕೊಳ್ಳಲಿಲ್ಲ. ಗಾಜು ಇಳಿಸಿ ತಲೆ ಹೊರಗಿಟ್ಟು, ಮಾತು ಮುಗಿದಾಗಿನ ಮೌನವನ್ನೇ ಆಲಿಸುತ್ತ ಕುಳಿತಳು. ಹೊಲ ಮುಗಿದು ಇನ್ನೊಂದು ಹೊಲ ಬಂತು. ಅಲ್ಲೂ ಗಾಳಿ ಬಿಟ್ಟರೆ ಏನಿಲ್ಲ.

ಪಾಳುಬಿದ್ದ ಹುಲ್ಲಿನ ಕೊಟ್ಟಿಗೆಯೊಂದರ ಬಳಿ ಅವಳು ಗಾರ್ಥನ ತೋಳು ಹಿಡಿದಳು. ಅವನು ದನಿ ನಿಲ್ಲಿಸಿದ. ಒಳಗಿನಿಂದ ಕ್ಷೀಣವಾಗಿ, ರೇಗಿದಂತೆ ಕೇಳಿತು: "ಬಂದೆ ಕಣೇ, ಬಂದೆ."

ಓರೆಸ್ಟ್ ಹುಲ್ಲಿನಲ್ಲಿ ಮೊಣಕಾಲೂರಿ ಬಾಗಿಲ ಕಡೆಗೆ ತೆವಳುತ್ತಿದ್ದರು. ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು.

ಜೀವ ಉಳಿಯಿತು. ಚಳಿಗೆ ಸತ್ತುಹೋದ ಎಡಗೈಯ ಬೆರಳುಗಳನ್ನು ತೆಗೆಯಬೇಕಾಗುತ್ತದೆಂದು ಆಸ್ಪತ್ರೆಯಲ್ಲಿ ಹೇಳಿದರು. ಎಚ್ಚರವಾದಾಗ ಅವರಿಗೆ ನೋವಿನ ಪರಿವೆಯೇ ಇರಲಿಲ್ಲ. ಮುಖದಲ್ಲಿ ಬಹಳ ದಿನಗಳಿಂದ ಕಾಣದ ಬೆಳಕು.

"ಅವಳು ಕರೆದ್ಲು, ಲೆಸ್ಯಾ. ನನ್ನ ಕಿವಿಯಾರೆ ಕೇಳಿದೆ. ಎಲ್ಲಿ ಅವಳು?"

ಮನೆಯಲ್ಲಿದ್ದಾಳೆ ಎನ್ನಬಹುದಿತ್ತು. ಹಾಗೆಂದರೆ ಎದ್ದು ಹೊರಡುತ್ತಾರೆ. ಆಗಲೇ ಅವರು ಕೈಗೆ ಚುಚ್ಚಿದ್ದ ನಳಿಗೆಯನ್ನು ಎಳೆಯುತ್ತಿದ್ದರು. ಲೆಸ್ಯಾ ಹಾಸಿಗೆಯಂಚಿನಲ್ಲಿ ಕುಳಿತು ಇದ್ದುದನ್ನು ಇದ್ದಂತೆ ಹೇಳಿದಳು: ಅಮ್ಮ ಇಲ್ಲ, ಅದು ಫೋನಿನಲ್ಲಿದ್ದ ದನಿ, ಹಾಕಿದ್ದು ತಾನು.

ಓರೆಸ್ಟ್ ನಳಿಗೆ ಎಳೆಯುವುದನ್ನು ಬಿಟ್ಟು ಅವಳತ್ತ ತಿರುಗಿದರು.

"ಹಂಗಾದ್ರೆ ನನ್ನನ್ನ ಅಲ್ಲೇ ಬಿಡದೆ ಯಾಕೆ ಹೊರಗೆ ಕರೆದೆ?" ಎಂದರು.

ಅವರು ಗೋಡೆಯ ಕಡೆ ಮಗ್ಗುಲಾದರು. ಲೆಸ್ಯಾ ಬೂಟು ಕಳಚಿ, ಆ ಇಕ್ಕಟ್ಟಿನ ಹಾಸಿಗೆಯಲ್ಲೇ ಅವರ ಬೆನ್ನಿಗೆ ಒರಗಿ ಮಲಗಿ, ಅಳುವಿಗೆ ಅದುರುತ್ತಿದ್ದ ಆ ಮೈಯನ್ನು ಗಟ್ಟಿಯಾಗಿ ತಬ್ಬಿಕೊಂಡಳು.