ಮೂರನೆಯ ಇಲ್ಲ

ಉಸಿರು ಚಿಕ್ಕದಾಯಿತು, ವೇದಿಕೆಯ ಮೇಲೆ ಗಾಯಕಿ ಈಗ ತಾನೇ ಎಳೆದುಕೊಂಡ ಉಸಿರು, ಎಡ ಹೆಗಲು ಕೂದಲೆಳೆಯಷ್ಟು ಮೇಲೆದ್ದು ಇಳಿಯಿತು — ಏಳಬಾರದು ಆ ಹೆಗಲು, ಇಪ್ಪತ್ತಾರು ವರ್ಷದಿಂದ ಕೇಳುತ್ತಾ ಬಂದಿದ್ದಾಳೆ ಇವಳು, ಆ ಗಾಯಕಿಯ ಹೆಗಲು ಎದ್ದದ್ದನ್ನು ಒಂದು ದಿನವೂ ಕಂಡಿಲ್ಲ, ಅವಳಿಗೆ ಉಸಿರು ಬರುವುದು ಹೊಟ್ಟೆಯ ಬುಡದಿಂದ, ಸದ್ದಿಲ್ಲದೆ — ಆದರೆ ಸಭಾಂಗಣದ ಸಾವಿರ ಜನರಲ್ಲಿ ಯಾರ ತಲೆಯೂ ಅಲುಗಲಿಲ್ಲ, ಯಾರಿಗೂ ಏನೂ ಅನ್ನಿಸಿಲ್ಲ, ಅನ್ನಿಸಲು ಅವರೇನು ಗಂಟಲು ಡಾಕ್ಟರುಗಳೇ, ಇವತ್ತು ಬೆಳಿಗ್ಗೆ ಎಂಟಕ್ಕೆ ಆ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದವರೇ, ನೋಡಿದ್ದು ಇವಳೊಬ್ಬಳೇ, ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಕರವಸ್ತ್ರ ಹಿಂಡುತ್ತಾ ಕುಳಿತ ಇವಳು, ಆಸ್ಪತ್ರೆಯಲ್ಲಿ ನರ್ಸುಗಳೆಲ್ಲ ಬೆನ್ನ ಹಿಂದೆ ಗಂಟಲಮ್ಮ ಎನ್ನುವ ಇವಳು. ಪಕ್ಕದಲ್ಲಿ ಗಂಡ ಕಾಲು ಚಾಚಲು ಜಾಗ ಸಾಲದೆ ಮಿಸುಕುತ್ತಿದ್ದಾನೆ, ಒಪೆರಾ ಅಂತ ಕರ್ಕೊಂಡ್ ಬಂದ್ಯಲ್ಲೇ, ಇಲ್ಲಿ ನೋಡಿದ್ರೆ ಪರದೆ ಇಲ್ಲ, ವೇಷ ಇಲ್ಲ, ಎಲ್ರೂ ಕರೀ ಬಟ್ಟೆ ಹಾಕ್ಕೊಂಡು ಸಾಲಾಗಿ ನಿಂತಿದಾರೆ, ಆ ಮಗನ ಪಾತ್ರದವನ ಬೋಳುತಲೆ ನೋಡು, ಅವ್ನೇ ಅವಳಿಗಿಂತ ದೊಡ್ಡೋನು ಕಣೇ. ಸುಮ್ನಿರ್ರೀ. ಹೌದು, ವೇಷವಿಲ್ಲ, ಕಚೇರಿಯ ಹಾಗೆ ನಿಂತು ಹಾಡುವ ಒಪೆರಾ ಇದು, ಹಿಂದೆ ವಾದ್ಯವೃಂದ, ಮುಂದೆ ನಾಲ್ಕು ಜನ, ಮಧ್ಯಾಹ್ನ ಮೂರರ ಬಿಸಿಲು ಎತ್ತರದ ಕಿಟಕಿಗಳಿಂದ ಓರೆಯಾಗಿ ಇಳಿದು ವಯೊಲಿನ್‌ಗಳ ಬೆನ್ನ ಮೇಲೆ ಬಿದ್ದಿದೆ, ಮುಚ್ಚಿಟ್ಟುಕೊಳ್ಳಲು ನೆರಳು ಕೂಡ ಇಲ್ಲ, ಇರುವುದೆಲ್ಲ ಧ್ವನಿ, ಧ್ವನಿ ಮಾತ್ರ, ಆ ಧ್ವನಿಯೊಳಗೆ ಏನಿದೆಯೆಂದು ಇವಳಿಗೆ ಗೊತ್ತು.

ಆದರೆ ಅವಳಿಗೆ ಪರದೆ ಯಾಕೆ ಬೇಕು, ಈಗ, ಬಂಡಾಯಗಾರನೆಂಬ ಗುಮಾನಿಯಲ್ಲಿ ಸೈನಿಕರು ಹಿಡಿದು ತಂದ ಹುಡುಗನ ಕಡೆಗೆ — ಕನ್ನಡಕ ಹಾಕಿಕೊಂಡು ಸ್ವರಪುಸ್ತಕ ಹಿಡಿದ ಆ ದಪ್ಪ ಮನುಷ್ಯನ ಕಡೆಗೆ — ಎರಡೇ ಹೆಜ್ಜೆ ನಡೆದಳು, ಅವನ ಕಾಲರು ಒಂದು ಬದಿ ಮಡಿಚಿಕೊಂಡಿದೆ, ನಿಜಕ್ಕೂ ಮಡಿಚಿದೆಯೋ ಅವಳು ನೋಡಿದ ರೀತಿಗೆ ನಮಗೆ ಹಾಗೆ ಕಾಣುತ್ತಿದೆಯೋ, ಅವಳ ಬಲಗೈ ಕಾಲರಿನತ್ತ ಏಳುತ್ತದೆ, ಶಾಲೆಗೆ ಹೊರಟ ಮಗನನ್ನು ಬಾಗಿಲಲ್ಲಿ ತಡೆದು ಸರಿಮಾಡುವ ಕೈ ಅದು, ಅರ್ಧ ದಾರಿಯಲ್ಲಿ ನೆನಪಾಗುತ್ತದೆ ಅದಕ್ಕೆ, ಕೈಗೆ ನೆನಪಾಗಿದೆ, ಮುಖಕ್ಕಿನ್ನೂ ಆಗಿಲ್ಲ — ನ್ಯಾಯಾಧೀಶ ನೋಡುತ್ತಿದ್ದಾನೆ, ಇವನು ತನ್ನ ಮಗನೆಂದು ಗೊತ್ತಾದರೆ ಹೆಸರು ಗೊತ್ತಾಗುತ್ತದೆ, ಹೆಸರು ಗೊತ್ತಾದರೆ ಗಲ್ಲು — ಕೈ ಅಲ್ಲಿಂದಲೇ ತಿರುಗಿ ತನ್ನ ಕಿವಿಯ ಹಿಂದಿನ ಕೂದಲನ್ನು ಸರಿಮಾಡಿಕೊಂಡಿತು. ಅಷ್ಟೇ. ಗಂಡನ ಕಾಲು ಮಿಸುಕುವುದು ನಿಂತಿತು. ಬೋಳುತಲೆಯೂ ಇಲ್ಲ, ಕನ್ನಡಕವೂ ಇಲ್ಲ, ಹದಿನೆಂಟರ ಹುಡುಗನೊಬ್ಬ ನಿಂತಿದ್ದಾನೆ ಅಲ್ಲಿ, ಅವಳ ಕೈ ಮುಟ್ಟದೇ ಹೋದದ್ದರಿಂದ ಹುಟ್ಟಿದ ಹುಡುಗ, ಈಗ ಅವಳು ಮೆಲ್ಲಗೆ, ತನಗೆ ತಾನೇ ಎಂಬಂತೆ, ಮಗುವಿಗೆ ಮೊದಲ ಹಲ್ಲು ಬಂದ ದಿನವನ್ನು ಹಾಡುತ್ತಿದ್ದಾಳೆ, ಬೆರಳು ಕಚ್ಚಿದ್ದನ್ನು, ನೋವಾಗಿ ನಕ್ಕದ್ದನ್ನು, ಸ್ವರ ಮೇಲೆ ಹೋಗಿ ಇಳಿಯುವಾಗ — ಅದೋ. ಕೇಳಿಸಿತು. ಒಣ ಎಲೆಯ ಮೇಲೆ ಬೆರಳಾಡಿಸಿದಷ್ಟು ಸಣ್ಣ ಗರಗರ, ಬಂದು ಹೋಯಿತು. ಮುಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು, ಅವಳಿಗೆ ಅದು ತಾಯಿಯ ಗಂಟಲು ಕಟ್ಟಿದ್ದು, ಇವಳಿಗೆ ಅದು ಎಡಗಡೆಯ ಧ್ವನಿತಂತು, ತಂತುವಿನ ಅಂಚಿನಲ್ಲಿ ಉಬ್ಬಿ ನಿಂತ ಒಂದು ಕೆಂಪು ರಕ್ತನಾಳ, ಬೆಳಿಗ್ಗೆ ಪರದೆಯ ಮೇಲೆ ಕಂಡಾಗ ಹೊಲಿಗೆ ದಾರದಷ್ಟು ಸಣ್ಣಗಿತ್ತು. ಕೈ ಎತ್ತು. ಈಗಲೇ ಎತ್ತಬೇಕು.

ಕೈ ಎತ್ತಿ ಸಾಕು ಡಾಕ್ಟ್ರೇ, ಅಂದಿದ್ದಳು ಗಾಯಕಿ, ಬೆಳಿಗ್ಗೆ. ನಾಲ್ಕು ದಿನ ಇವಳು ಇಲ್ಲ, ಹಾಡಬಾರದು ಎಂದಿದ್ದಾಳೆ, ನಾಲ್ಕು ದಿನ ಸರಿಯಾಗಿಯೇ ಹೇಳಿದ್ದಾಳೆ, ನೋಡಿ, ಇದು ಒಡೆದ್ರೆ ರಕ್ತ ತುಂಬಿಕೊಳ್ಳತ್ತೆ, ಆಮೇಲೆ ಮಾತು ಬರಬಹುದು, ಹಾಡು ಬರತ್ತೆ ಅಂತ ನಾನು ಹೇಳೋಕಾಗಲ್ಲ, ಎರಡು ತಿಂಗಳು ಬಾಯಿ ಮುಚ್ಕೊಂಡಿದ್ರೆ ತಾನಾಗೇ ಇಳಿಯತ್ತೆ. ಅವಳು ಟಿಶ್ಯೂ ಕಾಗದದಿಂದ ತುಟಿ ಒರೆಸಿಕೊಂಡು ಪರದೆಯನ್ನೇ ನೋಡುತ್ತಿದ್ದಳು, ತನ್ನದೇ ಗಂಟಲನ್ನು, ಬೇರೆ ಯಾರದೋ ಮನೆ ನೋಡುವ ಹಾಗೆ, ಐವತ್ತೆರಡು ಈಗ ನಂಗೆ, ಈ ಪಾತ್ರಾನ ನಲವತ್ತರಲ್ಲಿ ಕೇಳ್ದೆ, ಕೊಡ್ಲಿಲ್ಲ, ಈಗ ಕೊಟ್ಟಿದಾರೆ, ಎರಡು ತಿಂಗಳಾದ್ಮೇಲೆ ಯಾರು ಕೊಡ್ತಾರೆ, ಒಂದು ಇಂಜೆಕ್ಷನ್ ಹಾಕಿ, ಊತ ಇಳಿಯತ್ತೆ, ಇವತ್ತೊಂದು ಮಧ್ಯಾಹ್ನ, ನನ್ನ ಕಣ್ಣಿಗೆ ಕಾಣೋ ಕಡೆ ಕೂತ್ಕೊಳ್ಳಿ, ಸದ್ದು ಕೆಟ್ಟರೆ ನನಗಿಂತ ಮೊದ್ಲು ನಿಮಗೆ ಗೊತ್ತಾಗತ್ತೆ, ಹಾಡೋರಿಗೆ ಒಳಗಿಂದ ಗೊತ್ತಾಗಲ್ಲ, ನೀವು ಕೈ ಎತ್ತಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ಒಳಗೆ ಇನ್ನೊಬ್ಬಳು ಪಾಠ ಮಾಡ್ಕೊಂಡು ರೆಡಿ ಇದಾಳೆ, ಆಣೆ. ಇಂಜೆಕ್ಷನ್ ಹಾಕಿದ್ರೆ ನೋವೂ ಗೊತ್ತಾಗಲ್ಲ, ಅದೇ ಅಪಾಯ. ಅದಕ್ಕೇ ಅಲ್ವಾ ನಿಮ್ಮನ್ನ ಕೂತ್ಕೊಳ್ಳಿ ಅಂತಿರೋದು. ಆಮೇಲೆ ಒಂದು ಮಾತು ಕೇಳಿದಳು, ಸೂಜಿಯ ಮುಚ್ಚಳ ತೆಗೆಯುವಾಗ, ಡಾಕ್ಟರಾಗಿ ಒಪ್ಪಿದ್ರೋ, ಕೇಳೋರಾಗಿ ಒಪ್ಪಿದ್ರೋ? ಡಾಕ್ಟರಾಗೇ, ಎಂದಳು ಇವಳು, ಮುಖ ನೋಡದೆ, ಸೂಜಿಯನ್ನು ಬೆಳಕಿಗೆ ಹಿಡಿದು ಗುಳ್ಳೆ ಇದೆಯೇ ಎಂದು ನೋಡುತ್ತಾ, ಗುಳ್ಳೆ ಇರಲಿಲ್ಲ, ಸುಳ್ಳು ಮಾತ್ರ ಇತ್ತು.

ಕೇಳುವವಳಾಗಿಯೇ, ಮತ್ತಿನ್ನೇನು, ಅಪ್ಪ ಸತ್ತಾಗ ಇವಳಿಗೆ ಮೂವತ್ತೆರಡು, ಆಸ್ಪತ್ರೆಯ ಕಾಗದಗಳಿಗೆಲ್ಲ ಇವಳೇ ಸಹಿ ಹಾಕಿದ್ದು, ಬಂದವರಿಗೆ ಕುರ್ಚಿ ಹಾಕಿದ್ದು, ಅಮ್ಮನಿಗೆ ಮಾತ್ರೆ ಕೊಟ್ಟು ಮಲಗಿಸಿದ್ದು, ಒಂದು ಹನಿ ಬರಲಿಲ್ಲ, ಕಲ್ಲು ಕಣೇ ನೀನು, ಎಂದಿದ್ದಳು ಅಕ್ಕ, ಬೈದದ್ದಲ್ಲ, ಹೆದರಿ ಹೇಳಿದ್ದು. ಎರಡು ತಿಂಗಳ ಮೇಲೆ ಯಾರೋ ಬೇಡವೆಂದು ಕೊಟ್ಟ ಟಿಕೆಟ್ಟಿನಲ್ಲಿ ಇದೇ ಸಭಾಂಗಣದ ಕಟ್ಟಕಡೆಯ ಸಾಲು, ಕಥೆ ತಲೆಬುಡ ಅರ್ಥವಾಗುತ್ತಿಲ್ಲ, ಎದ್ದು ಹೋಗೋಣವೆಂದು ಚೀಲ ಹೆಗಲಿಗೆ ಹಾಕಿಕೊಂಡಾಗಿತ್ತು, ಮನೆಕೆಲಸದವಳ ಪಾತ್ರದಲ್ಲಿ ಒಬ್ಬ ತೆಳ್ಳನೆಯ ಹುಡುಗಿ ಬಂದಳು, ನಾಲ್ಕು ಸಾಲಿನ ಪಾತ್ರ, ಯಜಮಾನ ತೀರಿಹೋಗಿದ್ದಾನೆಂದು ಗೊತ್ತಿಲ್ಲದೆ ಅವನ ಕಾಫಿ ಲೋಟ ತಂದಿದ್ದಾಳೆ, ಯಾರೋ ಹೇಳುತ್ತಾರೆ, ಅವಳು ಅಳಲಿಲ್ಲ, ಲೋಟ ಇಡಲು ಜಾಗ ಹುಡುಕಿದಳು, ಮೇಜು ಎದುರಿಗೇ ಇದ್ದರೂ ಜಾಗ ಹುಡುಕುತ್ತಾ ಹಾಡಿದಳು, ಆರಿಹೋಗತ್ತೆ, ಆರಿಹೋಗತ್ತೆ ಎಂದು — ಚೀಲ ಹೆಗಲಲ್ಲೇ ಇತ್ತು, ಇವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಅಪ್ಪನಿಗೆ, ಅಮ್ಮನಿಗೆ, ತನ್ನ ಎಲ್ಲ ಸಹಿಗಳಿಗೆ ಸೇರಿಸಿ. ಅಂದಿನಿಂದ ಬಿಟ್ಟಿಲ್ಲ. ರಾಣಿಯಾಗಿ, ಕುರುಡಿಯಾಗಿ, ಗಂಡನಿಗೆ ವಿಷ ಹಾಕುವವಳಾಗಿ ಅವಳು ಹಾಡಿದ್ದನ್ನೆಲ್ಲ ಕೇಳಿದ್ದಾಳೆ, ನಿನ್ನ ಇನ್ನೊಂದು ಸಂಸಾರ ಅದು, ಎಂದು ಗಂಡ ಛೇಡಿಸುತ್ತಾನೆ, ಆರು ವರ್ಷದ ಹಿಂದೆ ನೆಗಡಿಯೆಂದು ಅವಳೇ ಆಸ್ಪತ್ರೆಗೆ ಬಂದು ಎದುರು ಕುಳಿತಾಗ ಇವಳ ಕೈ ಎಷ್ಟು ನಡುಗಿತೆಂದರೆ ನರ್ಸೇ ಬಂದು ದೀಪ ಹಿಡಿಯಬೇಕಾಯಿತು. ಆ ಗಂಟಲು. ಅಷ್ಟೆಲ್ಲ ಬಂದದ್ದು ಇಷ್ಟೇ ಇಷ್ಟಗಲದ ಎರಡು ಬಿಳಿ ಮಡಿಕೆಗಳಿಂದಲೇ ಎಂದು ನಂಬಲಾಗಿರಲಿಲ್ಲ.

ಕೈ ಎತ್ತು. ಎತ್ತುತ್ತಾಳೆ, ಮೊಣಕಾಲಿನಿಂದ ಮೇಲೆ ಬಂದಿದೆ ಕೈ, ಕರವಸ್ತ್ರದ ಸಮೇತ, ಏನಾಯ್ತೇ ಎನ್ನುತ್ತಾನೆ ಗಂಡ, ಏನಿಲ್ಲ, ಕೈ ಮತ್ತೆ ಮಡಿಲಿಗೆ ಬಂತು, ಒಂದು ಗರಗರಕ್ಕೆ ನಿಲ್ಲಿಸಿದರೆ ಹೇಗೆ, ಕಫ ಇರಬಹುದು, ಇನ್ನೊಂದು ಸಲ ಬಂದರೆ ಎತ್ತುತ್ತೇನೆ, ಇನ್ನು ಹತ್ತು ನಿಮಿಷವಷ್ಟೇ ಉಳಿದಿರುವುದು, ಮತ್ತೆ — ಹೇಳಿಬಿಡು, ಯಾರೂ ಕೇಳುತ್ತಿಲ್ಲ — ಆ ಗರಗರ ಎಷ್ಟು ಚೆನ್ನಾಗಿತ್ತು, ಅಷ್ಟು ನಿಜವಾದ ಸದ್ದನ್ನು ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ, ಇನ್ನೊಂದು ಸಲ ಕೇಳಬೇಕೆನ್ನಿಸಿತು, ಥೂ. ನ್ಯಾಯಾಧೀಶ ಎದ್ದು ನಿಂತ. ಮೂರು ಸಲ ಕೇಳುತ್ತಾನೆ, ಮೂರು ಸಲವೂ ಇಲ್ಲ ಎಂದರೆ ಹುಡುಗನನ್ನು ಬಿಟ್ಟುಬಿಡುತ್ತಾರೆ, ಹೆಸರಿಲ್ಲದವನನ್ನು, ಇನ್ನೆಂದೂ ಅವಳ ಮಗನಾಗಲಾರದವನನ್ನು. ಇವನನ್ನು ನೀನು ಹೆತ್ತಿದ್ದೀಯಾ? ಇಲ್ಲ, ಎಂದಳು, ಎಷ್ಟು ಹಗುರವಾಗಿ, ತರಕಾರಿಯವನು ಚಿಲ್ಲರೆ ಇದೆಯೇ ಎಂದಾಗ ಹೇಳುವ ಇಲ್ಲ, ಜನ ನಗುವುದೊಂದು ಬಾಕಿ, ಕಪ್ಪು ಉಡುಪಿನ ತೋಳಿನ ಕೊನೆಯಲ್ಲಿ ಬೆರಳುಗಳು ಮಾತ್ರ ಒಂದನ್ನೊಂದು ಹಿಡಿದುಕೊಂಡವು. ಇವನನ್ನು ನೀನು ಹೆತ್ತಿದ್ದೀಯಾ? ಎರಡನೆಯದು ಎದೆಯಿಂದ ಬಂತು, ತಗ್ಗಿನ ಸ್ವರದಲ್ಲಿ, ಸಿಟ್ಟಿನ ಇಲ್ಲ, ನನ್ನ ಮಗ ಇಂಥ ಕೆಲಸ ಮಾಡುತ್ತಾನೆಯೇ ಎಂಬ ಹೆಮ್ಮೆ ಅದರೊಳಗೆ ತಪ್ಪಿಸಿಕೊಂಡು ಇಣುಕಿತು, ಸುಳ್ಳು ಹೇಳುವಾಗಲೂ ತಾಯಿಗೆ ಹೆಮ್ಮೆ ತಡೆಯಲಾಗಲಿಲ್ಲ, ಅದನ್ನು ಹೇಗೆ ಹಾಡಿದಳು, ಎರಡಕ್ಷರದಲ್ಲಿ, ಆ ಇಲ್ಲ ಎಂಬುದರ ತುದಿಯಲ್ಲಿ ಮತ್ತೆ ಆ ಗರಗರ, ಈ ಸಲ ಉದ್ದಕ್ಕೆ, ಸೀರೆ ಹರಿದ ಹಾಗೆ, ಇವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮುಚ್ಚಿದ ಕಣ್ಣೊಳಗೆ ಕತ್ತಲಿಲ್ಲ, ಬೆಚ್ಚಗಿನ ಕೆಂಪು. ಇವನನ್ನು ನೀನು ಹೆತ್ತಿದ್ದೀಯಾ? ಮೂರನೆಯ ಇಲ್ಲ ಎಲ್ಲಕ್ಕಿಂತ ಎತ್ತರದ ಸ್ವರ, ಮೇಲೆ ಹೋಗಿ ಅಲ್ಲೇ ನಿಲ್ಲಬೇಕು, ಮನೆಯಲ್ಲಿ ಪುಸ್ತಕ ನೋಡಿಕೊಂಡು ಬಂದಿದ್ದಾಳೆ ಇವಳು, ಬರಲಿ, ಬರುತ್ತದೆ, ಕಾದಳು. ಬರಲಿಲ್ಲ. ವಾದ್ಯಗಳು ನಿಂತಿವೆ, ಸಾವಿರ ಜನ ಉಸಿರು ಬಿಗಿಹಿಡಿದಿದ್ದಾರೆ, ಎಲ್ಲೋ ಒಂದು ಕುರ್ಚಿ ಕಿರ್ ಎಂದಿತು, ಏನೂ ಇಲ್ಲ, ಬರೀ ಖಾಲಿ, ಆಹಾ ಎಂಥ ಎದೆಗಾರಿಕೆ ಎಂದುಕೊಂಡಳು, ಸ್ವರವನ್ನೇ ಬಿಟ್ಟುಬಿಟ್ಟಳು, ಮಗನನ್ನು ಮೂರನೇ ಸಲ ಅಲ್ಲಗಳೆಯಲು ತಾಯಿಗೆ ಧ್ವನಿ ಎಲ್ಲಿಂದ ಬರಬೇಕು, ಎಷ್ಟು ಸರಿ, ಎಷ್ಟು ಸರಿ, ಆಮೇಲೆ ಉಸಿರಿನಂಥದೊಂದು ಇಲ್ಲ ಸಭೆಯ ಮೇಲೆ ಹಾದುಹೋಯಿತು, ಇವಳ ಕೆನ್ನೆ ಒದ್ದೆಯಾಗಿತ್ತು, ವಾದ್ಯಗಳು ಮೆಲ್ಲಗೆ ಎದ್ದು ಹುಡುಗನನ್ನು ಹೊರಗೆ ಕರೆದೊಯ್ದವು. ಚಪ್ಪಾಳೆ, ಜನ ಎದ್ದು ನಿಂತರು, ಗಂಡನೂ ಎದ್ದ, ಜೋಕು ಮಾಡುವ ಗಂಡ ಮೂಗು ಒರೆಸಿಕೊಳ್ಳುತ್ತಾ, ಎಂಥಾ ಹಾಡು ಕಣೇ, ಹಾಡ್ದೇನೇ ಹಾಡಿಬಿಟ್ಳು.

ಹಾಡದೇನೇ. ಇವಳು ಯಾರ ಕಾಲು ತುಳಿದಳೋ, ಯಾರ ಮಡಿಲಿನ ಚೀಲ ಬೀಳಿಸಿದಳೋ, ಪಕ್ಕದ ಬಾಗಿಲು, ಓಣಿ, ಹೂಗುಚ್ಛ ಹಿಡಿದವರ ಗುಂಪು, ಬಿಡಿ, ಡಾಕ್ಟರು ನಾನು, ಬಿಡಿ, ಕೋಣೆಯಲ್ಲಿ ಕನ್ನಡಿಯ ಮುಂದೆ ಅವಳು ಕತ್ತಿಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದಳು, ಬಾಯಿ ತೆರೆದಳು, ಇವಳು ತೆರೆಯಿರಿ ಎನ್ನುವ ಮೊದಲೇ, ರೋಗಿಗೆ ರೂಢಿಯಾದ ಹಾಗೆ. ಪುಟ್ಟ ಕನ್ನಡಿ, ಟಾರ್ಚು, ನಾಲಿಗೆಯನ್ನು ಹತ್ತಿಬಟ್ಟೆಯಿಂದ ಹಿಡಿದ ಬೆರಳು, ಈ ಸಲ ಕೈ ನಡುಗಲಿಲ್ಲ, ಯಾಕೆ ನಡುಗಲಿಲ್ಲ. ಎಡಗಡೆಯ ತಂತು ಪೂರ್ತಿ ಕೆಂಪು, ಮಾಗಿದ ಹಣ್ಣಿನ ಹಾಗೆ ಊದಿ ಹೊಳೆಯುತ್ತಿದೆ, ಎಲ್ಲೂ ಬಿಳಿ ಇಲ್ಲ. ಮಾತಾಡ್ಬೇಡಿ, ಪಿಸುಗುಟ್ಟೋದೂ ಬೇಡ, ಕೆಮ್ಮಬೇಡಿ, ಎರಡು ವಾರ ಪೂರ್ತಿ ಮೌನ, ಆಮೇಲೆ ನೋಡೋಣ. ನೋಡೋಣ ಎಂಬ ಮಾತನ್ನು ಡಾಕ್ಟರುಗಳು ಯಾವಾಗ ಹೇಳುತ್ತಾರೆಂದು ಅವಳಿಗೂ ಗೊತ್ತು. ತಲೆಯಾಡಿಸಿದಳು. ಹುಬ್ಬು ತೀಡುವ ಪೆನ್ಸಿಲನ್ನು ತೆಗೆದುಕೊಂಡು ಸ್ವರಪುಸ್ತಕದ ಹಿಂಬದಿಯಲ್ಲಿ ಬರೆದಳು, ನಿಧಾನವಾಗಿ, ದುಂಡಗೆ, ಶಾಲೆಯ ಹುಡುಗಿಯ ಅಕ್ಷರ: ಎರಡನೇದು ಹಾಡಿದ ಮೇಲೆ ಏನೋ ಆಯ್ತು ಅನ್ನಿಸ್ತು, ನಿಮ್ಮನ್ನೇ ನೋಡಿದೆ, ಕಣ್ಣು ಮುಚ್ಚಿಕೊಂಡಿದ್ರಿ. ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಮೇಡಂ, ಜನ ಕಾಯ್ತಿದಾರೆ, ಒಂದ್ಸಲ ಬಂದು ಕೈ ಮುಗಿದು ಹೋಗಿ ಮೇಡಂ. ಅವಳು ಪುಸ್ತಕವನ್ನು ಮತ್ತೆ ತನ್ನತ್ತ ಎಳೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದು ಇವಳ ಕಡೆಗೆ ತಿರುಗಿಸಿದಳು: ಅಷ್ಟು ಚೆನ್ನಾಗಿತ್ತಾ? ಅಣಕಿಸಿ ಕೇಳಿದ್ದಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ, ನಿಜಕ್ಕೂ ತಿಳಿಯಬೇಕಾಗಿದೆ ಅವಳಿಗೆ, ಹೇಳಬೇಕಾದವಳು ಇವಳೊಬ್ಬಳೇ, ಹೂಂ ಎಂದರೆ ಏನಾಗುತ್ತದೆ, ಇಲ್ಲ ಎಂದರೆ ಏನಾಗುತ್ತದೆ, ಹೂಂ ಎಂದಳು ಇವಳು ಕೊನೆಗೆ, ಅವಳು ಕಣ್ಣರಳಿಸಿ, ಇವಳ ಒದ್ದೆ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿ, ಎದ್ದು, ಟವೆಲ್ ಬಿಚ್ಚಿಟ್ಟು ಜನರಿಗೆ ಕೈ ಮುಗಿಯಲು ಹೊರಟುಹೋದಳು. ಚಪ್ಪಾಳೆ ಮತ್ತೆ ಏಳುತ್ತದೆ. ಇವಳು ಆ ಸಾಲನ್ನೇ ಓದುತ್ತಿದ್ದಾಳೆ, ನಿಮ್ಮನ್ನೇ ನೋಡಿದೆ, ಯಾವಾಗ ನೋಡಿದಳು, ಎಷ್ಟು ಹೊತ್ತು ನೋಡಿದಳು, ಇವಳು ಕಂಡಿಲ್ಲ, ಕಾಣದೆ ಹೋದದ್ದು ಈಗ ಕಾಣುತ್ತಿದೆ, ಬಿಸಿಲಿನಲ್ಲಿ ಕಪ್ಪು ಉಡುಪಿನ ಮೇಲೆ ಒಂದು ಮುಖ, ಮಗನಿಂದ ತಿರುಗಿ, ನ್ಯಾಯಾಧೀಶನಿಂದ ತಿರುಗಿ, ಮೊದಲ ಸಾಲು ದಾಟಿ, ಎರಡನೆಯದು ದಾಟಿ, ಮೂರನೇ ಸಾಲಿನ ತುದಿಗೆ ಬಂದು ನಿಲ್ಲುತ್ತದೆ, ಕಾಯುತ್ತದೆ — ಅಲ್ಲ, ಮೊದಲಿನಿಂದ — ತಿರುಗುತ್ತದೆ, ಸಾಲು ದಾಟುತ್ತದೆ, ತುದಿಗೆ ಬರುತ್ತದೆ, ಕಾಯುತ್ತದೆ — ಆ ಮುಖ ತಿರುಗುತ್ತದೆ, ಕಾಯುತ್ತದೆ — ತಿರುಗುತ್ತದೆ